ಮಗುವಿನ ಕನ್ನಡಕದ ನಂಬರ್ ಏರುತ್ತಲೇ ಇದ್ದರೆ

‘ಹೋದ ವರ್ಷ ಮೈನಸ್ ಒಂದು ಇತ್ತು, ಈ ಸಲ ಎರಡಾಗಿದೆ. ಹೀಗೇ ಏರುತ್ತಾ ಹೋದರೆ ಏನು ಮಾಡುವುದು?’ ಬಿ.ಸಿ.ರೋಡಿನ ಕನ್ನಡಕದ ಅಂಗಡಿಯಿರಲಿ, ಬೆಳ್ತಂಗಡಿಯ ಕಣ್ಣಿನ ಕ್ಲಿನಿಕ್ ಇರಲಿ, ಮೂಡುಬಿದಿರೆಯ ಶಾಲೆಯಲ್ಲಿ ನಡೆಯುವ ತಪಾಸಣಾ ಶಿಬಿರವಿರಲಿ, ಮಕ್ಕಳ ಜತೆ ಬಂದ ಹೆತ್ತವರು ಕೇಳುವುದು ಇದನ್ನೇ. ಮೊನ್ನೆ ಮೊನ್ನೆಯವರೆಗೆ ಇದಕ್ಕೆ ಸಿಗುತ್ತಿದ್ದ ಉತ್ತರವೂ ಒಂದೇ ಆಗಿತ್ತು: ಹೊಸ ನಂಬರಿನ ಕನ್ನಡಕ ಹಾಕಿಸಿ, ಮುಂದಿನ ವರ್ಷ ಮತ್ತೆ ನೋಡೋಣ. ಈಗ ನಂಬರ್ ಏರುವ ವೇಗವನ್ನೇ ತಗ್ಗಿಸುವ ಲೆನ್ಸ್‌ಗಳು ಬಂದಿವೆ. ಮಂಗಳೂರಿಗೆ ಹೋಗಬೇಕೆಂದೂ ಇಲ್ಲ, ಆರ್ಡರ್ ಕೊಟ್ಟರೆ ತಾಲೂಕು ಕೇಂದ್ರದ ಅಂಗಡಿಗೂ ತರಿಸಿಕೊಡುತ್ತಾರೆ.

ಈ ಲೆನ್ಸ್‌ಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಅದಕ್ಕೆ ಮಗುವಿನ ಕಣ್ಣಿನ ಪರೀಕ್ಷೆ ಸರಿಯಾಗಿ ಆಗಿರಬೇಕು, ಮಗು ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕನ್ನಡಕ ಹಾಕಿಕೊಂಡಿರಬೇಕು, ಆರು ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಹೋಗಬೇಕು. ಇವಿಷ್ಟೂ ಇಲ್ಲದೆ ದುಬಾರಿ ಲೆನ್ಸ್ ಒಂದನ್ನೇ ಕೊಂಡು ತಂದರೆ ದುಡ್ಡು ದಂಡ. ಹಾಗಾಗಿ ಅಂಗಡಿಯಲ್ಲಿ ಮುಂಗಡ ಕೊಡುವ ಮೊದಲು ಒಂದಿಷ್ಟು ವಿಷಯ ತಿಳಿದುಕೊಂಡಿರುವುದು ಒಳ್ಳೆಯದು.

ಕಣ್ಣಿನ ಒಳಗೆ ಆಗುವುದೇನು?

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ಬೆಳೆದು ದೊಡ್ಡವರಾಗುವಾಗ ಅದು 23–24 ಮಿಲಿಮೀಟರ್‌ಗೆ ಬಂದು ನಿಲ್ಲಬೇಕು. ಕೆಲವು ಮಕ್ಕಳಲ್ಲಿ ಹಾಗೆ ನಿಲ್ಲುವುದಿಲ್ಲ, ಕಣ್ಣು ಉದ್ದವಾಗುತ್ತಲೇ ಹೋಗುತ್ತದೆ. ಆಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ತಲುಪುವ ಮೊದಲೇ, ಅದರ ಮುಂದೆ ಮೂಡುತ್ತದೆ. ಹತ್ತಿರದ ಪುಸ್ತಕ ಸ್ಪಷ್ಟವಾಗಿ ಕಾಣುತ್ತದೆ, ದೂರದ ಕರಿಹಲಗೆ ಮಸುಕಾಗುತ್ತದೆ. ಸಮೀಪದೃಷ್ಟಿ ಅಥವಾ ಮೈನಸ್ ಪವರ್ ಅನ್ನುವುದು ಇದನ್ನೇ. ಕಣ್ಣು ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ನಂಬರ್ ಹೆಚ್ಚುಕಡಿಮೆ ಎರಡೂವರೆಯಿಂದ ಮೂರರಷ್ಟು ಏರುತ್ತದೆ.

ದಪ್ಪ ಗಾಜಿನ ಕನ್ನಡಕ ನೋಡಲು ಚೆಂದವಿಲ್ಲ ಎಂಬುದಷ್ಟೇ ಇಲ್ಲಿನ ಚಿಂತೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಪತ್ರೊಡೆಗೆ ಕಲಸಿಟ್ಟ ಅಷ್ಟೇ ಹಿಟ್ಟನ್ನು ಹೆಚ್ಚು ಎಲೆಗಳಿಗೆ ಸವರಿದರೆ ಪದರ ತೆಳ್ಳಗಾಗುವ ಹಾಗೆ, ಕಣ್ಣು ಉದ್ದವಾದಷ್ಟೂ ಒಳಗಿನ ಅಕ್ಷಿಪಟಲ ಎಳೆಯಲ್ಪಟ್ಟು ತೆಳುವಾಗುತ್ತದೆ. ನಲವತ್ತು, ಐವತ್ತರ ವಯಸ್ಸಿನಲ್ಲಿ ಅದು ಹರಿಯುವ, ಕಳಚಿಕೊಳ್ಳುವ, ನಡುಭಾಗದಲ್ಲಿ ಸವೆಯುವ ಅಪಾಯ ಹೆಚ್ಚು. ಗ್ಲಾಕೋಮಾ ಬರುವ ಸಾಧ್ಯತೆಯೂ, ಕಣ್ಣಿನ ಪೊರೆ ಬೇಗ ಬರುವ ಸಾಧ್ಯತೆಯೂ ಹೆಚ್ಚು. ಮೈನಸ್ 6 ದಾಟಿದವರಲ್ಲಿ ಇವೆಲ್ಲ ಎದ್ದು ಕಾಣುತ್ತವೆ. ಮಾರ್ಕ್ ಬುಲಿಮೋರ್ ಮತ್ತು ನೋಯೆಲ್ ಬ್ರೆನ್ನನ್ ಎಂಬ ಇಬ್ಬರು ತಜ್ಞರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು: ಕೊನೆಗೆ ನಿಲ್ಲುವ ನಂಬರಿನಲ್ಲಿ ಒಂದನ್ನು ಕಡಿಮೆ ಮಾಡಿದರೂ ಅಕ್ಷಿಪಟಲದ ನಡುಭಾಗ ಸವೆಯುವ ಅಪಾಯ ಶೇ. 40ರಷ್ಟು ತಗ್ಗುತ್ತದೆ. ಮಗು ಮೈನಸ್ 5ರಲ್ಲಿ ನಿಲ್ಲುವ ಬದಲು 4ರಲ್ಲಿ ನಿಂತರೂ ಲಾಭ ಸಣ್ಣದಲ್ಲ.

‘ಹದಿನೆಂಟು ತುಂಬಲಿ, ಲೇಸರ್ ಮಾಡಿಸಿದರಾಯಿತು’ ಎನ್ನುವವರು ಈ ಮಾತನ್ನು ಗಮನಿಸಬೇಕು. ಲೇಸರ್ ಚಿಕಿತ್ಸೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ತಿದ್ದುತ್ತದೆ, ಕನ್ನಡಕ ತಪ್ಪುತ್ತದೆ. ಉದ್ದವಾದ ಕಣ್ಣು ಮಾತ್ರ ಉದ್ದವಾಗಿಯೇ ಉಳಿಯುತ್ತದೆ, ಅದರ ಹಿಂದಿನ ಅಪಾಯವೂ ಅಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ ಕನ್ನಡಕ ಹಾಕಿಸಲು ಹಿಂಜರಿದು, ಮದುವೆಯ ಹೊತ್ತಿಗೆ ಲೇಸರ್ ಎಂದು ಕಾದು ಕೂರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಾಗೆ ಕಾಯುವ ಹತ್ತು ವರ್ಷವೇ ಏನಾದರೂ ಮಾಡಬಹುದಾದ ಕಾಲ.

ಪಟ್ಟಣದ ಮಕ್ಕಳಲ್ಲಿ ಇದು ಎಷ್ಟು ಬೇಗ ಹೆಚ್ಚುತ್ತಿದೆ ಎಂಬುದಕ್ಕೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಂಶೋಧಕರು 2021ರಲ್ಲಿ ಕೊಟ್ಟ ಲೆಕ್ಕವಿದೆ. ಭಾರತದ ನಗರಗಳ 5ರಿಂದ 15 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ 1999ರಲ್ಲಿ ಶೇ. 4.44 ಇದ್ದದ್ದು 2019ರ ವೇಳೆಗೆ ಶೇ. 21.15 ಆಗಿದೆ. ನಮ್ಮ ಊರುಗಳು ನಗರಗಳಲ್ಲ ನಿಜ. ಆದರೆ ಬೆಳಗ್ಗೆ ಶಾಲೆಯ ವ್ಯಾನ್, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್, ರಜೆಯಲ್ಲಿ ಮೊಬೈಲ್ ಎಂಬ ದಿನಚರಿ ವಿಟ್ಲದಲ್ಲೂ ವೇಣೂರಿನಲ್ಲೂ ಈಗ ನಗರದ್ದೇ.

ಮನೆಯಲ್ಲೇ ಗಮನಿಸಬಹುದಾದದ್ದು

ಮಗು ತನಗೆ ಕಾಣುವುದಿಲ್ಲವೆಂದು ಹೇಳುವುದಿಲ್ಲ. ಎಲ್ಲರಿಗೂ ಇಷ್ಟೇ ಕಾಣುವುದು ಎಂದುಕೊಂಡಿರುತ್ತದೆ. ಬೋರ್ಡಿನ ಲೆಕ್ಕವನ್ನು ಪಕ್ಕದವರ ಪುಸ್ತಕ ನೋಡಿ ಬರೆಯುವುದು, ಟಿ.ವಿ. ಹತ್ತಿರ ಹೋಗಿ ಕೂರುವುದು, ಬಯಲಾಟಕ್ಕೆ ಹೋದರೆ ರಂಗಸ್ಥಳದ ಬುಡದಲ್ಲೇ ಕೂತರೂ ಕಣ್ಣು ಕಿರಿದು ಮಾಡಿ ನೋಡುವುದು, ಕ್ರಿಕೆಟ್‌ನಲ್ಲಿ ದೂರದಿಂದ ಬಂದ ಚೆಂಡನ್ನು ಬಿಡುವುದು, ಇವೆಲ್ಲ ಸೂಚನೆಗಳು. ಒಂದು ಸುಲಭದ ಪರೀಕ್ಷೆಯಿದೆ. ಬಿ.ಸಿ.ರೋಡಿನಲ್ಲೋ ಗುರುವಾಯನಕೆರೆಯಲ್ಲೋ ಬಸ್ಸಿಗೆ ಕಾಯುವಾಗ, ಬರುವ ಬಸ್ಸಿನ ಬೋರ್ಡು ನಿಮಗೆ ಓದಲು ಸಿಕ್ಕಿದ ಕೂಡಲೇ ಮಗುವಿನ ಹತ್ತಿರ ಓದಿಸಿ. ಮೊದಲು ಬಲಗಣ್ಣು ಮುಚ್ಚಿ, ಇನ್ನೊಂದು ಬಸ್ಸಿಗೆ ಎಡಗಣ್ಣು ಮುಚ್ಚಿ. ಎರಡೂ ಕಣ್ಣು ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷವನ್ನು ಮುಚ್ಚಿಹಾಕುತ್ತದೆ, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪ ಅಮ್ಮ ಇಬ್ಬರಿಗೂ ಮೈನಸ್ ಕನ್ನಡಕವಿದ್ದರೆ ಬಸ್ ಬೋರ್ಡಿನವರೆಗೂ ಕಾಯಬೇಡಿ. ಒಂದನೇ ತರಗತಿಗೆ ಸೇರಿಸುವಾಗಲೇ ಒಮ್ಮೆ ಪರೀಕ್ಷೆ ಮಾಡಿಸಿ. ಆ ವಯಸ್ಸಿನಲ್ಲಿ ಕಣ್ಣಿನಲ್ಲಿ ಸ್ವಲ್ಪ ಪ್ಲಸ್ ಇರುವುದು ಸಹಜ. ಆರು ವರ್ಷಕ್ಕೆ ಅದು ಪ್ಲಸ್ 0.75ಕ್ಕಿಂತ ಕಡಿಮೆಯಾಗಿದ್ದರೆ, ಈಗ ಎಲ್ಲ ಸ್ಪಷ್ಟವಾಗಿ ಕಂಡರೂ ಮುಂದೆ ಮೈನಸ್ ಬರುವ ಸಾಧ್ಯತೆ ಹೆಚ್ಚೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಅಂಥ ಮಗುವಿಗೆ ಕನ್ನಡಕ ಬೇಡ, ಹೊರಗಿನ ಬೆಳಕು ಬೇಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಹನಿ ಹಾಕದ ಪರೀಕ್ಷೆ ಪೂರ್ತಿಯಾಗದು

ಕಂಪ್ಯೂಟರ್ ಯಂತ್ರದ ಮುಂದೆ ಗಲ್ಲ ಊರಿ ಕೂರಿಸಿ ಅರ್ಧ ನಿಮಿಷದಲ್ಲಿ ಬರುವ ಚೀಟಿಯ ಮೇಲೆ ಮಕ್ಕಳಿಗೆ ಕನ್ನಡಕ ಮಾಡಿಸಬಾರದು. ಮಕ್ಕಳ ಕಣ್ಣಿನ ಒಳಗಿನ ಸ್ನಾಯು ಬಹಳ ಚುರುಕು. ಯಂತ್ರದೊಳಗೆ ಇಣುಕುವಾಗಲೂ ಅದು ಬಿಗಿದುಕೊಂಡು, ಇಲ್ಲದ ಮೈನಸ್ಸನ್ನು ಇದೆಯೆಂದು ತೋರಿಸುತ್ತದೆ, ಇರುವುದನ್ನು ಹೆಚ್ಚಾಗಿ ತೋರಿಸುತ್ತದೆ. ಕಣ್ಣಿನ ಡಾಕ್ಟರು ಹನಿ ಮದ್ದು ಹಾಕಿ, ಆ ಸ್ನಾಯು ಸಡಿಲಾದ ಮೇಲೆ ನೋಡುವ ನಂಬರೇ ನಂಬಬಹುದಾದ ನಂಬರ್. ಹನಿ ಹಾಕಿದ ದಿನ ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಚುಚ್ಚುತ್ತದೆ. ಯಾವ ಮದ್ದು ಎಂಬುದರ ಮೇಲೆ ಇದು ಒಂದೆರಡು ದಿನ ಮುಂದುವರಿಯಬಹುದು. ಶಾಲೆಯ ಪರೀಕ್ಷೆಯ ಮುನ್ನಾ ದಿನ ಹೋಗಬೇಡಿ, ಶನಿವಾರ ಹೋದರೆ ಅನುಕೂಲ.

ಮೊದಲ ಹಂತದ ತಪಾಸಣೆಗೆ ಖರ್ಚೇನೂ ಇಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ದೃಷ್ಟಿಯಲ್ಲಿ ಕೊರತೆ ಕಂಡರೆ ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಶಾಲೆಯಿಂದ ಬಂದ ಆ ಚೀಟಿ ಬ್ಯಾಗಿನ ತಳದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಹನಿ ಹಾಕಿ ನೋಡುವ ವಿವರವಾದ ಪರೀಕ್ಷೆಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಗಳೂ ಇವೆ.

ಸಾಧ್ಯವಾದರೆ ಕಣ್ಣಿನ ಉದ್ದವನ್ನೂ ಅಳೆಸಿ. ಅಜ್ಜಿಗೆ ಪೊರೆಯ ಆಪರೇಷನ್ ಮಾಡುವ ಮೊದಲು ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಕಣ್ಣಿನ ಉದ್ದ ಅಳೆಯುತ್ತಾರಲ್ಲ, ಮಕ್ಕಳಿಗೂ ಅದೇ ಯಂತ್ರ ಆಗುತ್ತದೆ. ಕಣ್ಣಿಗೆ ಏನೂ ತಾಗಿಸದೆ ಬೆಳಕಿನಿಂದ ಅಳೆಯುವ ಯಂತ್ರವಾದರೆ ಹೆಚ್ಚು ನಿಖರ. ಮಿಲಿಮೀಟರಿನ ಹತ್ತನೇ ಒಂದು ಭಾಗದ ವ್ಯತ್ಯಾಸವೂ ಅದರಲ್ಲಿ ಸಿಗುತ್ತದೆ. ನಂಬರ್ ನಿಂತಂತೆ ಕಂಡರೂ ಕಣ್ಣು ಬೆಳೆಯುತ್ತಿದೆಯೇ ಎಂಬುದು ಇದರಿಂದ ಮಾತ್ರ ತಿಳಿಯುತ್ತದೆ.

ಹೊಸ ಲೆನ್ಸ್‌ನೊಳಗೆ ಏನಿದೆ?

ಈ ಲೆನ್ಸ್‌ನ ಹಿಂದೆ ನಲವತ್ತು ವರ್ಷಗಳ ಪ್ರಯೋಗವಿದೆ. 1977ರಲ್ಲಿ ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೋಲ ಎಂಬ ವಿಜ್ಞಾನಿಗಳು, ರೆಪ್ಪೆ ಹೊಲಿದು ಸ್ಪಷ್ಟ ಬಿಂಬ ಸಿಗದಂತೆ ಮಾಡಿದ ಮರಿ ಕೋತಿಗಳ ಕಣ್ಣು ಉದ್ದವಾಗುವುದನ್ನು ಕಂಡರು. ಕಣ್ಣು ಎಷ್ಟು ಬೆಳೆಯಬೇಕೆಂಬುದಕ್ಕೆ ಅದರ ಮೇಲೆ ಬೀಳುವ ಬಿಂಬದ ಪಾತ್ರವೂ ಇದೆ ಎಂದು ಆಗ ಗೊತ್ತಾಯಿತು. 2005ರಿಂದೀಚೆಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅರ್ಲ್ ಸ್ಮಿತ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಕ್ಷಿಪಟಲದ ಅಂಚಿನ ಭಾಗಕ್ಕೆ ಸಿಗುವ ಬಿಂಬವೂ ಕಣ್ಣಿನ ಬೆಳವಣಿಗೆಯನ್ನು ನಡೆಸುತ್ತದೆ ಎಂದು ತೋರಿಸಿತು. ಮಾಮೂಲಿ ಮೈನಸ್ ಲೆನ್ಸ್ ನಡುವಿನ ಬಿಂಬವನ್ನು ಸರಿಯಾದ ಜಾಗಕ್ಕೆ ತರುತ್ತದೆ. ಅಂಚಿನ ಬಿಂಬ ಮಾತ್ರ ಅಕ್ಷಿಪಟಲದ ಹಿಂದೆ ಬೀಳಬಹುದು, ಕಣ್ಣು ಅದನ್ನು ಹಿಡಿಯಲೆಂಬಂತೆ ಹಿಂದಕ್ಕೆ ಬೆಳೆಯುತ್ತದೆ. ಹೊಸ ಲೆನ್ಸ್‌ಗಳು ನಡುವಿನಿಂದ ಸ್ಪಷ್ಟ ನೋಟ ಕೊಟ್ಟು, ಸುತ್ತಲಿನ ಭಾಗದಿಂದ ಬೆಳಕಿನ ಒಂದಂಶವನ್ನು ಅಕ್ಷಿಪಟಲದ ಮುಂದೆ ಬೀಳಿಸುತ್ತವೆ.

ಅಂಗಡಿಯಲ್ಲಿ ಇಂಥ ಲೆನ್ಸ್ ಕೈಗೆ ಕೊಟ್ಟರೆ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ. ನೇರಕ್ಕೆ ಹಿಡಿದರೆ ಮಾಮೂಲಿ ಗಾಜಿನ ಹಾಗೆಯೇ ಕಾಣುತ್ತದೆ. ಓರೆ ಮಾಡಿದಾಗ ನಡುವೆ ಒಂದು ಸೆಂಟಿಮೀಟರಿನಷ್ಟು ಅಗಲದ ಸ್ವಚ್ಛ ವೃತ್ತ, ಅದರ ಸುತ್ತ ಸಾಸಿವೆಗಿಂತ ಚಿಕ್ಕ ಚುಕ್ಕಿಗಳ ಸಾಲು ಬೆಳಕಿಗೆ ಮಿನುಗುತ್ತದೆ. ಪ್ರತಿ ಚುಕ್ಕಿಯೂ ಒಂದು ಕಿರುಲೆನ್ಸ್. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಹೊಯಾ ಕಂಪನಿ ಸೇರಿ ಮಾಡಿದ ‘ಮಯೋಸ್ಮಾರ್ಟ್’ನಲ್ಲಿ ಇವು ಜೇನುಗೂಡಿನ ಕಣ್ಣುಗಳಂತೆ ಸುಮಾರು 400 ಇವೆ. ಎಸ್ಸಿಲಾರ್ ಕಂಪನಿಯ ‘ಸ್ಟೆಲೆಸ್ಟ್’ನಲ್ಲಿ 11 ಉಂಗುರಗಳಲ್ಲಿ 1021 ಇವೆ. ಝೈಸ್ ಕಂಪನಿಯ ‘ಮಯೋಕೇರ್’ ಕೂಡ ಮಾರುಕಟ್ಟೆಯಲ್ಲಿದೆ, ಅದರ ರಚನೆ ಬೇರೆ ಬಗೆಯದು.

ಮಯೋಸ್ಮಾರ್ಟ್‌ನ ಎರಡು ವರ್ಷದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 8ರಿಂದ 13 ವರ್ಷದ ಹಾಂಗ್‌ಕಾಂಗ್ ಮಕ್ಕಳಲ್ಲಿ, ಮಾಮೂಲಿ ಲೆನ್ಸ್ ಹಾಕಿದವರ ನಂಬರ್ ಎರಡು ವರ್ಷದಲ್ಲಿ ಸರಾಸರಿ 0.85 ಏರಿತು, ಇದನ್ನು ಹಾಕಿದವರದು 0.41 ಮಾತ್ರ. ಕಣ್ಣಿನ ಉದ್ದ ಅವರಲ್ಲಿ 0.55 ಮಿಲಿಮೀಟರ್ ಹೆಚ್ಚಾದರೆ ಇವರಲ್ಲಿ 0.21. ಸ್ಟೆಲೆಸ್ಟ್ ಅನ್ನು ಚೀನಾದ ವೆನ್‌ಝೌನಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಕೊಟ್ಟರು. ದಿನಕ್ಕೆ ಕನಿಷ್ಠ 12 ಗಂಟೆ ಹಾಕಿಕೊಂಡ ಮಕ್ಕಳಲ್ಲಿ ನಂಬರ್ ಏರುವುದು ಮೂರರಲ್ಲಿ ಎರಡು ಪಾಲು ತಗ್ಗಿತು, ಕಡಿಮೆ ಹೊತ್ತು ಹಾಕಿದವರಲ್ಲಿ ಲಾಭವೂ ಕಡಿಮೆಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಸೆಪ್ಟೆಂಬರ್‌ನಲ್ಲಿ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಮಕ್ಕಳ ಸಮೀಪದೃಷ್ಟಿಯನ್ನು ನಿಧಾನಿಸಲೆಂದು ಅಲ್ಲಿ ಒಪ್ಪಿಗೆ ಪಡೆದ ಮೊದಲ ಕನ್ನಡಕದ ಲೆನ್ಸ್ ಅದು.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರ ಬೇಕು. ಇವು ಸರಾಸರಿಗಳು, ಎಲ್ಲ ಮಕ್ಕಳಿಗೂ ಒಂದೇ ಫಲ ಸಿಗುವುದಿಲ್ಲ. ಕೆಲವರಲ್ಲಿ ನಂಬರ್ ಬಹುತೇಕ ನಿಲ್ಲುತ್ತದೆ, ಕೆಲವರಲ್ಲಿ ಏರುತ್ತಲೇ ಇರುತ್ತದೆ. ಇನ್ನೊಂದು, ಇರುವ ನಂಬರ್ ಇದರಿಂದ ಇಳಿಯುವುದಿಲ್ಲ. ‘ಎರಡು ವರ್ಷ ಹಾಕಿದರೆ ಕನ್ನಡಕವೇ ಬೇಡ’ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಹೊರಗೆ ಬನ್ನಿ.

ಯಾರಿಗೆ ಬೇಕು, ಯಾರಿಗೆ ಬೇಡ?

ಮಡಂತ್ಯಾರು ಕಡೆಯ ಮೂರನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು ಎಂಟು, ಹನಿ ಹಾಕಿ ನೋಡಿದ ನಂಬರ್ ಮೈನಸ್ 1.75, ಹೋದ ವರ್ಷ ಮೈನಸ್ 1 ಇತ್ತು. ಅಮ್ಮನಿಗೂ ಮೈನಸ್ ಕನ್ನಡಕ. ಈ ಮಗುವಿನ ಮುಂದೆ ನಂಬರ್ ಏರುವ ಏಳೆಂಟು ವರ್ಷಗಳಿವೆ. ನನ್ನನ್ನು ಕೇಳಿದರೆ ಈ ಮನೆಯವರು ಡಾಕ್ಟರ ಹತ್ತಿರ ವಿಶೇಷ ಲೆನ್ಸಿನ ವಿಷಯ ಮಾತಾಡಲೇಬೇಕು. ಅದೇ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿರುವ ಹದಿನಾರು ವರ್ಷದ ಹುಡುಗನಿಗೆ ಮೊದಲ ಸಲ ಮೈನಸ್ 0.75 ಬಂದಿದ್ದರೆ, ಮಾಮೂಲಿ ಕನ್ನಡಕ ಹಾಕಿಸಿ ಆರು ತಿಂಗಳು ಕಾದು ನೋಡಿದರೆ ಸಾಕು. ಹೆಚ್ಚಿನವರಲ್ಲಿ ಹದಿನೈದು ಹದಿನಾರರ ಹೊತ್ತಿಗೆ ನಂಬರ್ ಏರುವುದು ತಾನಾಗಿ ನಿಧಾನವಾಗುತ್ತದೆ.

ಒಟ್ಟಿನಲ್ಲಿ ಚಿಕ್ಕ ವಯಸ್ಸು, ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಏರಿಕೆ, ಹೆತ್ತವರಿಗೆ ಮೈನಸ್, ಇವು ಸೇರಿದಲ್ಲಿ ಲೆನ್ಸಿನ ಲಾಭ ಹೆಚ್ಚು. ನಾಲ್ಕೈದು ವರ್ಷಕ್ಕೇ ದೊಡ್ಡ ಮೈನಸ್ ಇದ್ದರೆ, ಮೆಳ್ಳೆಗಣ್ಣು ಅಥವಾ ಸೋಮಾರಿ ಕಣ್ಣು ಇದ್ದರೆ, ಅದು ಅಂಗಡಿಯಲ್ಲಿ ತೀರ್ಮಾನವಾಗುವ ವಿಷಯವೇ ಅಲ್ಲ. ಮಕ್ಕಳ ಕಣ್ಣಿನ ತಜ್ಞರೇ ನೋಡಬೇಕು.

ಅಂಗಡಿಯಲ್ಲಿ, ಮನೆಯಲ್ಲಿ, ಮಳೆಯಲ್ಲಿ

ಇಂಥ ಲೆನ್ಸಿನಲ್ಲಿ ಫ್ರೇಮ್ ಕೂರುವುದು ಬಹಳ ಮುಖ್ಯ. ನಡುವಿನ ಸ್ವಚ್ಛ ವೃತ್ತ ಸರಿಯಾಗಿ ಪಾಪೆಯ ಎದುರಿಗೇ ಬರಬೇಕು. ಫ್ರೇಮ್ ಆರಿಸಿ ಮಗುವಿನ ಮುಖಕ್ಕೆ ಹಾಕಿದ ಮೇಲೆ ಎರಡು ಪಾಪೆಗಳ ನಡುವಿನ ಅಂತರವನ್ನೂ, ಪಾಪೆ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅಳೆದು ಗುರುತು ಹಾಕುತ್ತಾರೆ. ಅಳೆಯದೆ ಆರ್ಡರ್ ಬರೆದುಕೊಂಡರೆ ಕೇಳಿ ಅಳೆಸಿ. ‘ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ’ ಎಂಬ ಲೆಕ್ಕ ಯೂನಿಫಾರ್ಮಿಗೆ ಆಗುತ್ತದೆ, ಇಲ್ಲಿ ಆಗದು. ಮೂಗಿನಿಂದ ಜಾರಿದ ಕನ್ನಡಕದ ಮೇಲಿಂದ ನೋಡುವ ಮಗುವಿಗೆ ಲೆನ್ಸ್ ಇದ್ದೂ ಇಲ್ಲದ ಹಾಗೆ. ನಮ್ಮ ಸೆಕೆಗೆ, ಬೆವರಿಗೆ ಫ್ರೇಮ್ ಜಾರುವುದು ಮಾಮೂಲು. ಕಿವಿಯ ಹಿಂದೆ ಸಿಕ್ಕಿಸುವ ರಬ್ಬರ್ ಹಿಡಿಕೆಯನ್ನೋ ಪಟ್ಟಿಯನ್ನೋ ಹಾಕಿಸಿಕೊಳ್ಳಿ, ಪೇಟೆಗೆ ಹೋದಾಗಲೆಲ್ಲ ಅಂಗಡಿಗೆ ಹೊಕ್ಕು ಫ್ರೇಮ್ ಸರಿಮಾಡಿಸಿ.

ಚೀಟಿಯಲ್ಲಿರುವ ನಂಬರ್ ಪೂರ್ತಿಯಾಗಿ ಲೆನ್ಸಿನಲ್ಲಿ ಬರಬೇಕು. ‘ಸ್ವಲ್ಪ ಕಡಿಮೆ ಕೊಟ್ಟರೆ ಕಣ್ಣು ತಾನೇ ಅಭ್ಯಾಸ ಮಾಡಿಕೊಳ್ಳುತ್ತದೆ, ನಂಬರ್ ಏರುವುದಿಲ್ಲ’ ಎಂಬ ನಂಬಿಕೆ ಹಳೆಯದು. ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು, ಕಡಿಮೆ ನಂಬರ್ ಕೊಟ್ಟ ಮಕ್ಕಳದೇ ಹೆಚ್ಚು ಏರಿತ್ತು. ಕನ್ನಡಕ ಹಾಕಿದರೆ ಚಟವಾಗಿ ನಂಬರ್ ಏರುತ್ತದೆ ಎಂಬುದಕ್ಕೂ ಆಧಾರವಿಲ್ಲ. ‘ಬ್ಲೂ ಕಟ್’ ಎಂದು ಮಾರುವ ಲೇಪನ ಸಮೀಪದೃಷ್ಟಿಯನ್ನು ತಡೆಯುತ್ತದೆ ಎಂಬುದಕ್ಕೂ ಇಲ್ಲ. ಅದರ ದುಡ್ಡು ಉಳಿಸಿ. ಹೊನಗೊನೆ ಸೊಪ್ಪು, ನುಗ್ಗೆ ಸೊಪ್ಪು ಧಾರಾಳವಾಗಿ ತಿನ್ನಿಸಿ. ಅವುಗಳ ಎ ಜೀವಸತ್ವ ಕಣ್ಣಿಗೆ ಬೇಕೇ ಬೇಕು, ಆದರೆ ಉದ್ದವಾಗುವ ಕಣ್ಣನ್ನು ಅದು ನಿಲ್ಲಿಸುವುದಿಲ್ಲ.

ಹೊಸ ಲೆನ್ಸ್ ಹಾಕಿದ ಮೊದಲ ಕೆಲವು ದಿನ ಅಂಚಿನಲ್ಲಿ ಮಸುಕೆನಿಸುತ್ತದೆ. ಮೆಟ್ಟಿಲು ಇಳಿಯುವಾಗ, ಸೈಕಲ್ ಹೊಡೆಯುವಾಗ ಜಾಗ್ರತೆ ಬೇಕು. ಒಂದೆರಡು ವಾರದಲ್ಲಿ ಮಕ್ಕಳು ಹೊಂದಿಕೊಳ್ಳುತ್ತಾರೆ, ಆಮೇಲೂ ತಲೆನೋವು ಇದ್ದರೆ ಅಳತೆ ತಪ್ಪಿರಬಹುದು, ಹಿಂದಕ್ಕೆ ಒಯ್ಯಿರಿ. ಭಾನುವಾರವೂ ಹಬ್ಬಕ್ಕೂ ಕನ್ನಡಕ ಇರಲಿ. ಮಳೆಗಾಲದಲ್ಲಿ ಒದ್ದೆಯಾದ ಲೆನ್ಸನ್ನು ಅಂಗಿಯ ತುದಿಯಿಂದ ಒರಸುವುದು ಮಕ್ಕಳ ಸ್ವಭಾವ, ಇಲ್ಲಿ ಲೆನ್ಸ್ ಹಾಳಾಗುವ ಮುಖ್ಯ ದಾರಿಯೂ ಅದೇ. ನೀರಿನಲ್ಲಿ ತೊಳೆದು ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರಸಲು ಕಲಿಸಿ, ಒಂದು ಬಟ್ಟೆ ಬ್ಯಾಗಿನಲ್ಲಿರಲಿ. ಗೀರು ಬಿದ್ದ ಲೆನ್ಸಿನಿಂದ ನೋಡುವುದಕ್ಕಿಂತ ತೆಗೆದಿಡುವುದೇ ಸುಖ ಎನ್ನಿಸಿದರೆ ಮಗು ತೆಗೆದೇ ಇಡುತ್ತದೆ.

ಬೆಲೆಯ ವಿಷಯ ಮುಚ್ಚಿಡುವಂಥದ್ದಲ್ಲ. ಇಂಥ ಒಂದು ಜೋಡಿ ಲೆನ್ಸ್ ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿ ದಾಟುತ್ತದೆ, ಫ್ರೇಮ್ ಬೇರೆ. ನಂಬರ್ ಬದಲಾದಾಗಲೆಲ್ಲ ಹೊಸದು ಬೇಕು, ಹಾಗೆ ಹಲವು ವರ್ಷ. ಹಾಗಾಗಿ ಒಂದು ಜೋಡಿಯ ಬೆಲೆ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ವರ್ಷದ ಲೆಕ್ಕ ಹಾಕಿ. ವರ್ಷದೊಳಗೆ ನಂಬರ್ ಬದಲಾದರೆ ರಿಯಾಯಿತಿ ಇದೆಯೇ, ಗೀರು ಬಿದ್ದರೆ ಬದಲಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಕಂಪನಿಯ ಅಸಲಿ ಕಾರ್ಡ್ ಮತ್ತು ಬಿಲ್ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ತಿದ್ದುವ ಕನ್ನಡಕದ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿ.

ಇಷ್ಟು ಖರ್ಚು ಆಗದ ಮನೆಗಳಿಗೆ ಒಂದು ಮಾತು. ಸೊಸೈಟಿಯಲ್ಲಿ ಸಾಲ ತೆಗೆದು ಈ ಲೆನ್ಸ್ ಹಾಕಿಸಬೇಕಾಗಿಲ್ಲ, ಹಾಕಿಸಲಾಗಲಿಲ್ಲವೆಂದು ಕೊರಗಬೇಕಾಗಿಯೂ ಇಲ್ಲ. ಪೂರ್ತಿ ನಂಬರಿನ ಮಾಮೂಲಿ ಕನ್ನಡಕ, ತಪ್ಪದ ಮರುಪರೀಕ್ಷೆ, ದಿನಾ ಹೊರಗಿನ ಬೆಳಕು, ಇವು ಇಲ್ಲದ ಮಗುವಿಗಿಂತ ಇವು ಇರುವ ಮಗು ಎಷ್ಟೋ ಕ್ಷೇಮ. ಇನ್ನೊಂದು ದಾರಿ ಅಟ್ರೋಪಿನ್ ಎಂಬ ಹನಿ ಮದ್ದು, ಬಹಳ ತೆಳು ಪ್ರಮಾಣದಲ್ಲಿ, ರಾತ್ರಿ ಮಲಗುವಾಗ ಒಂದೊಂದು ಹನಿ. ಸಿಂಗಾಪುರ ಮತ್ತು ಹಾಂಗ್‌ಕಾಂಗ್‌ನ ಪರೀಕ್ಷೆಗಳಲ್ಲಿ ಇದು ನಂಬರನ್ನು ನಿಧಾನಿಸಿದೆ. ಹಾಂಗ್‌ಕಾಂಗ್‌ನಲ್ಲಿ ಹೋಲಿಸಿ ನೋಡಿದ ಮೂರು ಪ್ರಮಾಣಗಳಲ್ಲಿ ಶೇ. 0.05ರದ್ದು ಹೆಚ್ಚು ಫಲ ಕೊಟ್ಟಿತು. ಕೆಲವು ಮಕ್ಕಳಿಗೆ ಲೆನ್ಸ್ ಮತ್ತು ಹನಿ ಎರಡನ್ನೂ ಕೊಡುತ್ತಾರೆ. ಯಾವ ಪ್ರಮಾಣ, ಎಷ್ಟು ವರ್ಷ, ನಿಲ್ಲಿಸುವುದು ಹೇಗೆ ಎಂಬುದನ್ನು ಡಾಕ್ಟರೇ ಹೇಳಬೇಕು. ಒಮ್ಮೆಗೇ ನಿಲ್ಲಿಸಿದರೆ ನಂಬರ್ ಮತ್ತೆ ಜಿಗಿಯಬಹುದು. ರಾತ್ರಿ ಹಾಕಿ ಮಲಗುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್‌ಗಳೂ ಇವೆ, ಪರಿಣಾಮವೂ ಇದೆ. ಆದರೆ ಬಾವಿ ನೀರು, ಟ್ಯಾಂಕಿ ನೀರಿನಲ್ಲಿ ಅವನ್ನು ತೊಳೆದರೆ ಕಣ್ಣಿಗೆ ಭಾರೀ ಸೋಂಕು ತಗಲುವ ಅಪಾಯವಿದೆ. ಅಷ್ಟು ಶುಚಿಯನ್ನು ದಿನವೂ ಪಾಲಿಸಲಾಗದ ಮನೆಗೆ ನಾನು ಅದನ್ನು ಸೂಚಿಸಲಾರೆ.

ಮಳೆ ರಜೆಯ ಬೆಳಕು

ಇನ್ನು ಹೊರಗಿನ ಬೆಳಕಿನ ವಿಷಯ. ಸಿಡ್ನಿ ಮತ್ತು ಸಿಂಗಾಪುರದಲ್ಲಿರುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ಸಿಂಗಾಪುರದಲ್ಲಿ ಶೇ. 29.1 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಶೇ. 3.3. ಸಿಡ್ನಿಯ ಮಕ್ಕಳು ಓದುವುದರಲ್ಲಿ ಹಿಂದೆ ಬಿದ್ದಿರಲಿಲ್ಲ, ವಾರಕ್ಕೆ ಹೆಚ್ಚು ಪುಸ್ತಕ ಓದಿದ್ದರು. ವ್ಯತ್ಯಾಸ ಇದ್ದದ್ದು ಮನೆಯ ಹೊರಗೆ ಕಳೆದ ಸಮಯದಲ್ಲಿ: ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಾಪುರದಲ್ಲಿ 3. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಾ 40 ನಿಮಿಷ ಹೊರಾಂಗಣದ ತರಗತಿ ಹೆಚ್ಚುವರಿಯಾಗಿ ಕೊಟ್ಟು ನೋಡಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30.4, ಉಳಿದವುಗಳಲ್ಲಿ ಶೇ. 39.5. ತೈವಾನ್ 2010ರಿಂದ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗಿರುವ ಕಾರ್ಯಕ್ರಮವನ್ನೇ ನಡೆಸುತ್ತಿದೆ.

ಬಿಸಿಲಲ್ಲಿ ಸುಡಬೇಕೆಂದಿಲ್ಲ. ತರಗತಿಯ ಒಳಗೆ ಬೆಳಕು ಸಾಮಾನ್ಯವಾಗಿ 500 ಲಕ್ಸ್ ಮೀರುವುದಿಲ್ಲ. ಮೋಡ ಕವಿದ ದಿನದಲ್ಲೂ ಬಯಲಿನಲ್ಲಿ ಹಲವು ಸಾವಿರ ಲಕ್ಸ್ ಇರುತ್ತದೆ, ಮರದ ನೆರಳಿನಲ್ಲೂ ಕೋಣೆಗಿಂತ ಎಷ್ಟೋ ಹೆಚ್ಚು. ನಮ್ಮ ಜಿಲ್ಲೆಗೆ ಇದು ದೊಡ್ಡ ಸಮಾಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಗೆ ಕಾದು ಕೂತರೆ ನಾಲ್ಕು ತಿಂಗಳು ಹೋಯಿತು. ಜಿಲ್ಲಾಧಿಕಾರಿ ಮಳೆ ರಜೆ ಸಾರಿದ ದಿನವೂ ಇಡೀ ದಿನ ಒಂದೇ ಸಮ ಮಳೆ ಸುರಿಯುವುದು ಅಪರೂಪ. ಹೊಳವಾದ ಹೊತ್ತಿಗೆ ಅಂಗಳಕ್ಕೆ ಬಿಡಿ, ತೋಡು, ಹೊಳೆಯ ಕಡೆ ಹೋಗದಂತೆ ಒಬ್ಬರು ಜತೆಗಿರಿ. ಗದ್ದೆ ಕೊಯ್ಲಾದ ಮೇಲಂತೂ ಆಟದ ಮೈದಾನವನ್ನು ಹುಡುಕಬೇಕಾಗಿಯೇ ಇಲ್ಲ. ಶಾಲೆಯ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡುವುದನ್ನು ಪೋಷಕರ ಸಭೆಯಲ್ಲಿ ಎದ್ದು ನಿಂತು ವಿರೋಧಿಸಿ. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವವರು ಊಟದ ಬಗ್ಗೆ ಕೇಳುವಾಗ ಸಂಜೆ ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ ಎಂದೂ ಕೇಳಿ. ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಹೊರಗಿನ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯುವುದರಲ್ಲಿ ಗಟ್ಟಿ, ಬಂದ ಮೇಲೆ ಏರುವುದನ್ನು ತಗ್ಗಿಸುವುದರಲ್ಲಿ ಅದರ ಬಲ ಅಷ್ಟಿಲ್ಲ.

ಓದುವಾಗ ಪುಸ್ತಕ ಮಗುವಿನದೇ ಕೈಯ ಒಂದು ಮೊಳ ದೂರದಲ್ಲಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯಾಚೆ ದೂರಕ್ಕೆ ನೋಡಲಿ. ಮೊಬೈಲನ್ನು ಮೂಗಿನ ಹತ್ತಿರ ಹಿಡಿಯುವುದೇ ಅದರ ಮುಖ್ಯ ತೊಂದರೆ, ಪಾಠದ ವಿಡಿಯೊ ಇದ್ದರೆ ಟಿ.ವಿ. ಪರದೆಯಲ್ಲಿ ಹಾಕಿಕೊಡಿ.

ಮರುಪರೀಕ್ಷೆಯ ಫೈಲು

ಪ್ರತಿ ಸಲದ ಚೀಟಿಯನ್ನೂ ಕಣ್ಣಿನ ಉದ್ದದ ಅಳತೆಯನ್ನೂ ತಾರೀಕಿನೊಂದಿಗೆ ಒಂದೇ ಫೈಲಿನಲ್ಲಿ ಇಡಿ. ಆಸ್ಪತ್ರೆ ಬದಲಿಸಿದರೂ ಫೈಲು ನಿಮ್ಮ ಕೈಯಲ್ಲಿರುತ್ತದೆ. ಆರು ತಿಂಗಳಿನ ಎರಡು ಅಳತೆಗಳನ್ನು ಪಕ್ಕ ಪಕ್ಕ ಇಟ್ಟಾಗಲೇ ಲೆನ್ಸ್ ಕೆಲಸ ಮಾಡುತ್ತಿದೆಯೇ ಎಂದು ಗೊತ್ತಾಗುವುದು. ವರ್ಷದ ಮೇಲೂ ಏರಿಕೆ ತಗ್ಗದಿದ್ದರೆ, ಮಗು ದಿನಕ್ಕೆ ಎಷ್ಟು ಹೊತ್ತು ಹಾಕುತ್ತದೆ, ಫ್ರೇಮ್ ಜಾರುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಹನಿ ಸೇರಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಹದಿನಾರು ಹದಿನೇಳರ ಸುಮಾರಿಗೆ ಒಂದು ವರ್ಷ ಪೂರ್ತಿ ನಂಬರೂ ಉದ್ದವೂ ನಿಂತಿದ್ದರೆ ಮಾಮೂಲಿ ಲೆನ್ಸಿಗೆ ಬರುವುದನ್ನು ಅವರೇ ಸೂಚಿಸುತ್ತಾರೆ.

ನಂಬರ್ ಹೆಚ್ಚಿರುವ ಮಕ್ಕಳಿಗೆ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಅಕ್ಷಿಪಟಲದ ಪರೀಕ್ಷೆ ಆಗಬೇಕು. ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲಾಡಿದರೆ, ಮಿಂಚು ಹೊಡೆದಂತಾದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಕೂಡಲೇ ಹೇಳಬೇಕೆಂದು ಮಗುವಿಗೆ ತಿಳಿಸಿರಿ. ಹಾಗೆಂದ ದಿನವೇ ಮಂಗಳೂರಿಗೆ ಹೊರಡಿ. ಸೋಮವಾರದ ಒ.ಪಿ.ಡಿ.ಗೆ ಕಾಯಬೇಡಿ.